ಬಲಗಡೆ ಸೀಟಿನ ಮರಿತಾಯಮ್ಮ

ಮಳವಳ್ಳಿ ಕಡೆ ಒಬ್ಬ ಹೆಂಗಸು ಸ್ಟೀರಿಂಗೇ ಇಲ್ಲದ ಕಾರನ್ನು ಕೈಕಟ್ಟಿಕೊಂಡು ಓಡಿಸುತ್ತಾಳೆ ಎಂಬ ಸುದ್ದಿಯನ್ನು ನಾನು ಹಳೇ ಕಾರುಗಳ ವ್ಯಾಪಾರಕ್ಕೆ ಇಳಿಯುವ ಮೊದಲೇ ಕೇಳಿದ್ದೆ. ಮದ್ದೂರಿನ ಹೋಟೆಲಿನಲ್ಲಿ ವಡೆ ತಿನ್ನುತ್ತಿದ್ದ ಲಾರಿ ಡ್ರೈವರೊಬ್ಬ ಆಣೆ ಮಾಡಿ ಹೇಳಿದ್ದ. ಎದುರಿಗೆ ಬಂದ ನೀಲಿ ಕಾರಿನ ಬಲಗಡೆ ಸೀಟಿನಲ್ಲಿ ಸೆರಗು ಹೊದ್ದ ಹೆಂಗಸು, ಬಾಯಲ್ಲಿ ಎಲೆಯಡಿಕೆ, ಎರಡೂ ಕೈ ಮಡಿಲಲ್ಲಿ. "ಗಂಡ ಪಕ್ದಲ್ಲಿ ಎದರ್ಕಂಡು ಕೂತಿದ್ದ ಕಣ್ಲಾ" ಎಂದು ಬೇರೆ ಸೇರಿಸಿದ. ನಾನು ನಂಬಲಿಲ್ಲ. ಆದರೂ ನಾಲ್ಕು ಜನಕ್ಕೆ ಹೇಳಿದೆ.

ಆ ಹೆಂಗಸು ಪೂರಿಗಾಲಿಯ ಮರಿತಾಯಮ್ಮ. ಪಕ್ಕದಲ್ಲಿದ್ದವರು ಗಂಡ ಮಹದೇವು. ಕಾರು ಅಮೆರಿಕದ್ದು, ಅರವತ್ತೇಳನೇ ಇಸವಿಯ ಮಸ್ಟ್ಯಾಂಗ್. ಅಲ್ಲಿನ ಕಾರಿಗೆ ಸ್ಟೀರಿಂಗು ಎಡಗಡೆ ಇರುತ್ತದೆ, ನಮ್ಮವರ ಕಣ್ಣು ಬಲಗಡೆಗೆ ಹೋಗುತ್ತದೆ, ಅಷ್ಟೆ ವಿಷಯ. ಮುಂದಿನ ಜಾಲರಿಯ ನಡುವೆ ಓಡುವ ಕುದುರೆಯ ಬೊಂಬೆ ಇದ್ದುದರಿಂದ ಊರಿನವರಿಗೆ ಅದು ಕುದ್ರೆ ಕಾರು.

ಅದು ಪೂರಿಗಾಲಿಗೆ ಬಂದ ಕತೆ ಒಂದು ಕಾಲಿನಿಂದ ಶುರುವಾಗುತ್ತದೆ. ಮಹದೇವು ಇಪ್ಪತ್ತೆರಡರ ಹುಡುಗರಾಗಿದ್ದಾಗ ಕಬ್ಬು ತುಂಬಿದ ಎತ್ತಿನ ಗಾಡಿಯ ಚಕ್ರ ಅವರ ಎಡಗಾಲಿನ ಮೇಲೆ ಹರಿಯಿತು. ಆಗ ಮಳವಳ್ಳಿಯಲ್ಲಿ ಅಮೆರಿಕದಿಂದ ವಾಪಸು ಬಂದ ಒಬ್ಬ ವೈದ್ಯರಿದ್ದರು. ಹೆಸರು ಯಾರಿಗೂ ಬೇಕಿರಲಿಲ್ಲ, ಅಮೆರಿಕ ಡಾಕ್ಟ್ರು ಅಂದರೆ ಸಾಕಿತ್ತು. ಬರುವಾಗ ಹಡಗಿನಲ್ಲಿ ಕಾರನ್ನೂ ತಂದಿದ್ದರು. ಕಾಲನ್ನು ಮಂಡಿಯ ಮೇಲಕ್ಕೆ ಕತ್ತರಿಸಿ ತೆಗೆದವರು ಅವರೇ. ಆರು ತಿಂಗಳ ಮೇಲೆ ಊರುಗೋಲು ಹಿಡಿದು ಬಂದ ಹುಡುಗನನ್ನು ಕಾರಿನ ಹತ್ತಿರ ಕರೆದುಕೊಂಡು ಹೋಗಿ ಕೆಳಗೆ ಬಗ್ಗಿ ನೋಡು ಅಂದರಂತೆ. ಅಲ್ಲಿ ಎರಡೇ ಪೆಡಲು. ಕ್ಲಚ್ಚಿಲ್ಲ, ಗೇರು ತಾನೇ ಬೀಳುತ್ತದೆ.

"ನಿನಗಿರೋದು ಒಂದು ಕಾಲು, ಈ ಕಾರಿಗೆ ಬೇಕಾಗಿರೋದೂ ಒಂದೇ ಕಾಲು. ನಾವೆಲ್ಲ ಇನ್ನೊಂದನ್ನ ಸುಮ್ಮನೆ ಹೊತ್ಕೊಂಡು ತಿರುಗ್ತಿದೀವಿ" ಅಂದರಂತೆ ಡಾಕ್ಟ್ರು.

ಆ ಕಾಲದಲ್ಲಿ ಮಂಡ್ಯ ಜಿಲ್ಲೆ ಪೂರ್ತಿ ಹುಡುಕಿದರೂ ಎಡಗಾಲಿಲ್ಲದವನು ಓಡಿಸಬಹುದಾದ ಕಾರು ಇನ್ನೊಂದು ಸಿಗುತ್ತಿರಲಿಲ್ಲ. ಮಹದೇವು ಹದಿನೈದು ವರ್ಷ ಡಾಕ್ಟರ ಡ್ರೈವರಾಗಿದ್ದರು. ಮಕ್ಕಳಿಲ್ಲದ ಡಾಕ್ಟ್ರು ಸಾಯುವುದಕ್ಕೆ ಮೂರು ವರ್ಷ ಮೊದಲು ಕಾರನ್ನು ಅವರ ಹೆಸರಿಗೆ ಬರೆದುಕೊಟ್ಟರು. ಕಾಗದ ಪತ್ರ ಎಲ್ಲ ಸರಿಯಾಗಿತ್ತು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನನ್ನ ವ್ಯಾಪಾರದಲ್ಲಿ ಕಾರಿಗಿಂತ ಕಾಗದವೇ ಅಪರೂಪ.

ಆ ಕಾರಿಗೆ ಒಂದು ತೊಂದರೆ ಇತ್ತು. ಎಡಗಡೆ ಕೂತು ಓಡಿಸುವವನಿಗೆ ಮುಂದಿನ ಗಾಡಿಯ ಹಿಂಭಾಗ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಎದುರಿಗೆ ಏನು ಬರುತ್ತಿದೆ ಎಂದು ನೋಡಬೇಕಾದರೆ ಅರ್ಧ ಕಾರನ್ನು ರಸ್ತೆಯ ಆಚೆಗೆ ಚಾಚಬೇಕು. ಡಾಕ್ಟ್ರು ಪೇಪರು ಓದುತ್ತಾ ಕೂರುವವರು. ಹಾಗಾಗಿ ಮಹದೇವು ಯಾರನ್ನೂ ಹಿಂದೆ ಹಾಕುತ್ತಿರಲಿಲ್ಲ. ಹುಲ್ಲಿನ ಗಾಡಿ ಸಿಕ್ಕಿದರೆ ಹುಲ್ಲಿನ ಗಾಡಿಯ ಹಿಂದೆಯೇ ಮಳವಳ್ಳಿ ಸೇರುವುದು.

ಮದುವೆಯ ದಿನ ಹೆಣ್ಣನ್ನು ಹೊಳಲಿನಿಂದ ಕರೆತರಲು ಡಾಕ್ಟ್ರು ಕಾರು ಕೊಟ್ಟರು. ಹೊಸ ಮದುವಣಗಿತ್ತಿ ಬಲಗಡೆ ಕೂತಿದ್ದರು. ದಾರಿಯಲ್ಲಿ ಹುಲ್ಲಿನ ಗಾಡಿ. ಅರ್ಧ ಗಂಟೆ ಅದರ ಹಿಂದೆ ಹುಲ್ಲಿನ ಧೂಳು ಕುಡಿದ ಮೇಲೆ ಮರಿತಾಯಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿ, "ಎದ್ರುಗೆ ಯಾರೂ ಇಲ್ಲ, ನುಗ್ಸು" ಅಂದರು. ಆ ಹೆಂಗಸು ಗಂಡನ ಹತ್ತಿರ ಆಡಿದ ಮೊದಲ ಮಾತು ಅದು. ಮಹದೇವು ನುಗ್ಗಿಸಿದರು.

ಅಲ್ಲಿಂದ ನಲವತ್ತು ವರ್ಷ ಆ ಕಾರು ಹಾಗೇ ಓಡಿತು. ಕಾಲು ಗಂಡನದು, ಕಣ್ಣು ಹೆಂಡತಿಯದು. ಬೇಕಾಗಿದ್ದದ್ದು ಎರಡೇ ಮಾತು: "ತಡಿ" ಮತ್ತು "ನುಗ್ಸು". ಅವರಿಬ್ಬರ ನಡುವೆ ಜಗಳವಾದ ದಿನವೂ ಈ ಎರಡು ಮಾತು ನಿಲ್ಲುತ್ತಿರಲಿಲ್ಲ ಎಂದು ಊರಿನವರು ನಗುತ್ತಿದ್ದರು. ಏಪ್ರಿಲ್ ಹದಿನಾಲ್ಕರ ಮೆರವಣಿಗೆಯಲ್ಲಿ ಕಾರೇ ಮುಂದೆ, ಹೂವಿನ ಹಾರದ ಪಟ ಅದರ ಮೇಲೆ. ತಿಂಗಳಿಗೊಮ್ಮೆ ಗೆಜ್ಜಲಗೆರೆಯಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗುವ ಮಗಳು ವನಜಾಳ ಮನೆಗೆ. ಉಳಿದ ದಿನ ಕಾರು ರೇಷ್ಮೆ ಹುಳುವಿನ ಮನೆಯಲ್ಲಿ.

ಹೋದ ಕಬ್ಬಿನ ಕಾಲದಲ್ಲಿ ಮಹದೇವು ನನಗೆ ಫೋನು ಮಾಡಿದರು. "ಯತೀಸಪ್ಪ, ಕಾರ್ ಕೊಟ್ಬುಡವಾ ಅಂತಿವ್ನಿ. ಬಂದ್ ನೋಡ್ಕಂಡೋಗಿ." ಮೂರು ವರ್ಷದಿಂದ ನಾನು ಕೇಳುತ್ತಿದ್ದೆ, ಮೂರು ವರ್ಷವೂ ಟೀ ಕೊಟ್ಟು ಕಳಿಸಿದ್ದರು. ಮೈಸೂರಿನಲ್ಲಿ ಹಳೇ ಕಾರು ಕೂಡಿಡುವ ಗಿರಾಕಿಯೊಬ್ಬರು ನನ್ನ ಕೈಯಲ್ಲಿದ್ದರು. ಫೋನಿಟ್ಟವನು ಊಟ ಬಿಟ್ಟು ಹೊರಟೆ.

ಹುಳುವಿನ ಮನೆಗೆ ಹೋಗಬೇಕಾದರೆ ಬಾಗಿಲಲ್ಲಿ ಕಾಲು ತೊಳೆಯಬೇಕು. ಹುಳು ಸಾಕುವುದು ನಿಲ್ಲಿಸಿ ಇಪ್ಪತ್ತು ವರ್ಷವಾದರೂ ಆ ನೇಮ ಬಿಟ್ಟಿರಲಿಲ್ಲ. ನೆಲಕ್ಕೆ ಸುಣ್ಣ, ಕಿಟಕಿಗೆ ನೊಣ ಬರದಂತೆ ಕಟ್ಟಿದ ಬಲೆ. ಹುಳುವಿನ ತಟ್ಟೆಯ ಸ್ಟ್ಯಾಂಡಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಡುತ್ತಾರಲ್ಲ, ಹಾಗೆ ಕಾರನ್ನು ನಾಲ್ಕು ಕಲ್ಲಿನ ಮೇಲೆ ಏರಿಸಿ ಪ್ರತಿ ಕಲ್ಲಿನ ಸುತ್ತ ನೀರಿನ ಕಾಲುವೆ ಮಾಡಿದ್ದರು. ಇರುವೆ ಹೋಗಲಿ, ಇಲಿ ಕೂಡ ಆ ಕಾರಿನ ವೈರು ಮುಟ್ಟಿರಲಿಲ್ಲ. ಬೆಂಗಳೂರಿನಲ್ಲಿ ಏಸಿ ಹಾಕಿ ಇಟ್ಟ ಕಾರುಗಳನ್ನು ನೋಡಿದ್ದೇನೆ. ಇಷ್ಟು ಚೊಕ್ಕಟವಾದದ್ದು ನೋಡಿಲ್ಲ. ಕ್ರೋಮಿನಲ್ಲಿ ನನ್ನ ಮುಖ ಕಂಡಿತು. ಅಲ್ಲಿದ್ದ ಹಳೇ ಸಾಮಾನು ಅದೊಂದೇ.

ನನ್ನ ಪದ್ಧತಿ ಎಂದರೆ ಮೊದಲು ಹೊಗಳದೆ ಸುತ್ತು ಹಾಕುವುದು. ಎಡಗಡೆ ನೋಡಿದೆ, ಹಿಂದೆ ನೋಡಿದೆ. ಬಲಗಡೆಗೆ ಮಾತ್ರ ಟಾರ್ಪಾಲು ಮುಚ್ಚಿತ್ತು. ಎತ್ತಿದೆ. ಬಾಗಿಲಿನಿಂದ ಹಿಂದಿನ ಚಕ್ರದವರೆಗೆ ಒಂದು ಉದ್ದ ಗೀರು, ಬಣ್ಣ ಕಿತ್ತು ತಗಡು ಬಿಳಿಚಿಕೊಂಡಿತ್ತು. ಹೊಸದು. ನನ್ನೊಳಗಿನ ವ್ಯಾಪಾರಿಗೆ ಹಬ್ಬದೂಟ ಬಡಿಸಿದಂತಾಯಿತು.

ಮಹದೇವು ಊರುಗೋಲು ಊರಿಕೊಂಡು ಬಂದು ಟಾರ್ಪಾಲನ್ನು ಮತ್ತೆ ಎಳೆದರು. ಬಾಗಿಲ ಕಡೆ ನೋಡಿ ದನಿ ಇಳಿಸಿದರು.

"ಇದ್ರ ಮಾತು ಮನೆವೊಳ್ಗೆ ಎತ್ಬ್ಯಾಡಿ. ಅದ್ಕೆ ಎಷ್ಟ್ ಮುರ್ಕಬೇಕೋ ಮುರ್ಕಳಿ. ನಾನ್ ತುಟಿ ಪಿಟಕ್ ಅನ್ನಕಿಲ್ಲ."

ಬೆಲೆ ಇಳಿಸಿಕೋ, ಆದರೆ ಯಾಕೆಂದು ಹೇಳಬೇಡ ಅನ್ನುವ ಮಾರಾಟಗಾರನನ್ನು ನಾನು ಈ ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. "ಯಾಕಣ್ಣ?" ಅಂದೆ.

"ಅವ್ಳಿಗೆ ಕಣ್ಣು ಕಾಣಕಿಲ್ಲ" ಅಂದರು.

ಮರಿತಾಯಮ್ಮನಿಗೆ ಎರಡು ವರ್ಷದ ಹಿಂದೆಯೇ ಕಣ್ಣಿನ ಒತ್ತಡ ಏರಿ ನೋಟ ಹೋಗತೊಡಗಿತ್ತು. ಕಣ್ಣಿನ ಕ್ಯಾಂಪಿನಲ್ಲಿ ನೋಡಿದ ಡಾಕ್ಟರು ಹೋದದ್ದು ಇನ್ನು ಬರುವುದಿಲ್ಲ ಅಂದಿದ್ದರು. ಜೊತೆಗೆ ಹೋಗಿದ್ದ ವನಜಾಳ ಹತ್ತಿರ ತಾಯಿ ಆಣೆ ಹಾಕಿಸಿಕೊಂಡಿದ್ದರು, ಅಪ್ಪನಿಗೆ ಹೇಳಕೂಡದು. ಹೇಳಿದರೆ ಕಾರು ನಿಲ್ಲುತ್ತದೆ. ಕಾರು ನಿಂತರೆ ಒಂದು ಕಾಲಿನ ಮನುಷ್ಯ ಜಗಲಿ ಬಿಟ್ಟು ಇಳಿಯುವುದಿಲ್ಲ. ಹಾಗಾಗಿ ಆಕೆ ಬಲಗಡೆ ಸೀಟಿನಲ್ಲಿ ಮೊದಲಿನಂತೆಯೇ ಕೂತು ಕಿವಿಯಲ್ಲಿ ರಸ್ತೆ ನೋಡತೊಡಗಿದರು. ಎದುರಿಗೆ ಬರುವ ಗಾಡಿಯ ಸದ್ದು ಕೇಳಿದರೆ "ತಡಿ", ಕೇಳದಿದ್ದರೆ "ನುಗ್ಸು". ಒಂದು ವರ್ಷ ಹಾಗೇ ನಡೆಯಿತು. ಮಹದೇವುಗೆ ಗೊತ್ತಾಗಲಿಲ್ಲ.

ಸಂಕ್ರಾಂತಿ ಕಳೆದ ವಾರ, ಮಳವಳ್ಳಿ ದಾಟಿ ಮದ್ದೂರಿನ ಕಡೆ ಹೋಗುವಾಗ, ಮುಂದೆ ಕಬ್ಬಿನ ಟ್ರ್ಯಾಕ್ಟರು. ಎದುರಿಗೆ ಬರುತ್ತಿದ್ದದ್ದೂ ಟ್ರ್ಯಾಕ್ಟರೇ. ಎರಡೂ ಒಂದೇ ಸದ್ದು. ಮರಿತಾಯಮ್ಮನ ಕಿವಿಗೆ ಒಂದೇ ಕೇಳಿಸಿತು. "ನುಗ್ಸು" ಅಂದರು.

"ಅವ್ಳು ಅಂದ್ಮೇಲೆ ನಾನ್ ನೋಡಕಿಲ್ವಲ್ಲ, ಯಾವತ್ ನೋಡಿವ್ನಿ" ಅಂದರು ಮಹದೇವು. ಕೂದಲೆಳೆಯಲ್ಲಿ ಇಬ್ಬರೂ ಉಳಿದಿದ್ದರು. ಎದುರಿನ ಟ್ರೈಲರಿನ ಕಬ್ಬಿಣದ ಅಂಚು ಕಾರಿನ ಬಲಗಡೆಯನ್ನು ಕೆರೆದುಕೊಂಡು ಹೋಯಿತು. "ಏನದು?" ಎಂದು ಮರಿತಾಯಮ್ಮ ಕೇಳಿದರು. ಅಷ್ಟು ದೊಡ್ಡ ಟ್ರ್ಯಾಕ್ಟರು ಕಾಣದೆ ಏನದು ಎಂದು ಕೇಳಿದವಳ ಮುಖವನ್ನು ಮಹದೇವು ಆಗ ನೋಡಿದರು. ನೋಡಿ, "ಸೊಗೆ ಕಣಮ್ಮಿ, ಕಬ್ಬಿನ ಸೊಗೆ ತರಚ್ತು" ಅಂದರು. ತುಂಬಿದ ಗಾಡಿಯಿಂದ ಇಳಿಬಿದ್ದ ಒಣ ಸೊಗೆ, ಅಂದರೆ ಕಬ್ಬಿನ ಗರಿ, ಕಾರಿಗೆ ತಾಗಿದರೂ ಜೋರಾಗಿಯೇ ಸದ್ದಾಗುತ್ತದೆ. ಆಕೆ ನಂಬಿದರು. ಆಮೇಲೆ ಮಹದೇವು ಮಗಳನ್ನು ಬೇರೆಯಾಗಿ ಕೂರಿಸಿಕೊಂಡು ಎಲ್ಲ ಕೇಳಿ ತಿಳಿದುಕೊಂಡಿದ್ದರು.

"ನಂಗ್ ಗೊತ್ತು ಅಂತ ಅವ್ಳಿಗ್ ಗೊತ್ತಾಗ್ಬಾರ್ದು. ಗೊತ್ತಾದ್ರೆ, ನನ್ ಮಾತ್ನಿಂದ ಇವ್ನು ಸಾಯ್ತಿದ್ದ ಅಂತ ಕೊರಗಿ ಕೊರಗಿ ಒಂಟೋಯ್ತಾಳೆ. ನನ್ ಬಲಗಾಲು ಜೋಮು, ಬ್ರೇಕು ತುಳಿಯಕಾಯ್ತಿಲ್ಲ, ಅದ್ಕೆ ಮಾರ್ತೀನಿ ಅಂದಿವ್ನಿ."

ಆ ಕಾಲಿನಲ್ಲಿ ಯಾವ ಜೋಮೂ ಇರಲಿಲ್ಲ. ವಾರಕ್ಕೊಮ್ಮೆ ಕಾರು ಒರೆಸುವುದು ಹೆಂಡತಿಯ ಕೆಲಸವಾಗಿತ್ತು. ಈಗ ಅದನ್ನೂ ತಾವೇ ಮಾಡುತ್ತಿದ್ದರು, ಆಕೆಯ ಕೈ ಬಲಗಡೆಗೆ ತಾಗದಿರಲಿ ಎಂದು. ಆಗಲಿ ಅಣ್ಣ, ನನ್ನ ಬಾಯಿಂದ ಬರುವುದಿಲ್ಲ ಅಂದೆ. ಅಂದದ್ದು ನಿಜವಾಗಿಯೇ.

ಜಗಲಿಯ ಮೇಲೆ ಮಾತಿಗೆ ಕೂತೆವು. ಮರಿತಾಯಮ್ಮ ಟೀ ತಂದರು. ಒಂದು ತೊಟ್ಟು ಚೆಲ್ಲಲಿಲ್ಲ. ಹೇಳದಿದ್ದರೆ ನನಗೂ ತಿಳಿಯುತ್ತಿರಲಿಲ್ಲ. ಲೋಟವನ್ನು ನನ್ನ ಕೈಗೆ ಕೊಡದೆ ಪಕ್ಕದ ಕಲ್ಲಿನ ಮೇಲಿಟ್ಟು, ಗೋಡೆಗೆ ಬೆನ್ನು ತಾಗಿಸಿ ಕೂತರು.

ಮಹದೇವು ಮೂವತ್ತು ಲಕ್ಷ ಕೇಳಿದರು. ನಾನು ಇಪ್ಪತ್ತನಾಲ್ಕು ಅಂದೆ. ಅವರು ಆಗಲಿ ಅನ್ನುವುದಕ್ಕೆ ಬಾಯಿ ತೆರೆದಿದ್ದರು.

"ನೀನ್ ಸುಮ್ನಿರು" ಅಂದರು ಮರಿತಾಯಮ್ಮ. "ನಿನ್ ಕೈಲಿ ಬುಟ್ರೆ ಕಾರ್ ಜತೆ ನನ್ನೂವೆ ಕೊಟ್ಬುಡ್ತೀಯ. ಯಾಕಪ್ಪ ಯತೀಸಪ್ಪ, ಆರ್ ಲಕ್ಸ ಎಲ್ಲಿಂದ ಎಲ್ಲಿಗೋಯ್ತು?"

"ಕಾರಿಗೆ ವಯಸ್ಸಾಗಿದೆಯಲ್ಲಕ್ಕ."

"ವಯಸ್ಸಾದ್ಕೇ ಅಲ್ವಾ ನೀ ಬಂದಿರಾದು? ಎಳೇದಾಗಿದ್ರೆ ಬತ್ತಿದ್ಯಾ?"

ಟೈರು ಸವೆದಿದೆ ಅಂದೆ. ಟೈರು ಎರಡು ವರ್ಷದ ಹಿಂದೆ ಹಾಕಿಸಿದ್ದು, ರಸೀತಿ ಪೆಟ್ಟಿಗೆಯಲ್ಲಿದೆ ಅಂದರು. ಸೀಟಿನ ಹೊಲಿಗೆ ಅಂದೆ. ಹೊಲಿದದ್ದು ತಾವೇ, ಬಿಚ್ಚಿದ್ದರೆ ತೋರಿಸು ಅಂದರು. ಎಡಗಡೆ ಸ್ಟೀರಿಂಗಿನ ಕಾರು ಕೊಳ್ಳುವವರು ಕಡಿಮೆ ಅಂದೆ. "ಅದ್ಕೇ ಯೋಳ್ತೀನಿ, ಜತೆಗೊಬ್ಳು ಎಂಡ್ತೀನೂ ಬೇಕಾಯ್ತದೆ ಅಂತ ಗಿರಾಕಿಗೆ ಯೋಳು" ಅಂದರು. ಅಂಗಳದ ಆಚೆ ಹುಲ್ಲು ಹೊರುತ್ತಿದ್ದ ಇಬ್ಬರು ಹೆಂಗಸರು ನಿಂತು ನಕ್ಕರು. ಮಹದೇವು ಕೂಡ ನಕ್ಕರು. ಮಂಡ್ಯದಲ್ಲಿ ನನ್ನ ಬಾಯಿಗೆ ಹೆದರುವ ವ್ಯಾಪಾರಿಗಳಿದ್ದಾರೆ. ಇಲ್ಲಿ ನನಗೆ ಬೆವರು ಬಂತು.

"ನೋಡಪ್ಪ" ಎಂದು ಮರಿತಾಯಮ್ಮ ಕೊನೆಯ ಪಟ್ಟು ಹಾಕಿದರು. "ನಲವತ್ತ್ ವರ್ಸದಿಂದ ನಾನ್ ಬಲಗಡೆ ಕೂತಿವ್ನಿ. ಒಂದ್ ಗೀರು ಬಿದ್ದಿಲ್ಲ ಆ ಕಾರ್ಗೆ. ಎಲ್ಲಾರ ಒಂದೇ ಒಂದ್ ಗೀರು ತೋರ್ಸು, ನಿನ್ ಇಪ್ಪತ್ನಾಕ್ಕೇ ಕೊಟ್ಬುಡ್ತೀನಿ. ಮಾತು ಅಂದ್ರೆ ಮಾತು."

ಆ ಹೊತ್ತನ್ನು ನಾನು ಎಷ್ಟು ಸಲ ತಿರುವಿ ನೋಡಿದ್ದೇನೋ. ಮರೆತಿದ್ದೆ ಅನ್ನಲಾರೆ. ಆದರೆ ಎದುರಿಗಿರುವವರು ಕತ್ತು ಕೊಟ್ಟಾಗ ಕತ್ತಿ ಬೀಸುವುದು ನನ್ನ ನಾಲಿಗೆಗೆ ರೂಢಿ. ಅದು ನನ್ನನ್ನು ಕೇಳಿ ಆಡುವುದಿಲ್ಲ.

"ಬಾಗಿಲಿಂದ ಹಿಂದಿನ ಚಕ್ರದವರೆಗೆ ತಗಡು ಕಾಣೋ ಹಾಗೆ ಕಿತ್ತಿದೆಯಲ್ಲಕ್ಕ, ಬಲಗಡೆ" ಅಂದುಬಿಟ್ಟೆ.

ಮಹದೇವು ಕಣ್ಣು ಮುಚ್ಚಿಕೊಂಡರು. ಹುಲ್ಲಿನ ಹೆಂಗಸರು ಇನ್ನೂ ನಗುತ್ತಿದ್ದರು, ಅವರಿಗೆ ಏನು ಗೊತ್ತು.

ಮರಿತಾಯಮ್ಮ ಎದ್ದರು. ಗೋಡೆ ಸವರಿಕೊಂಡು ಹುಳುವಿನ ಮನೆಗೆ ನಡೆದರು, ಬಾಗಿಲಲ್ಲಿ ಕಾಲು ತೊಳೆದರು. ನಾವು ಹಿಂದೆ ಹೋದೆವು. ಆಕೆ ಟಾರ್ಪಾಲನ್ನು ಎತ್ತಿ, ಬಲಗಡೆ ಬಾಗಿಲಿನ ಹಿಡಿಯ ಹತ್ತಿರ ಅಂಗೈ ಇಟ್ಟರು. ಅಲ್ಲಿಂದ ಗೀರಿನ ಉದ್ದಕ್ಕೂ ಕೈ ಎಳೆಯುತ್ತಾ ಹಿಂದಿನ ಚಕ್ರದವರೆಗೆ ಹೋದರು. ಅಲ್ಲಿ ಸ್ವಲ್ಪ ಹೊತ್ತು ನಿಂತರು. ಮತ್ತೆ ವಾಪಸು ಬಾಗಿಲಿನವರೆಗೆ ಬಂದರು.

"ನೀನ್ ಸೊಗೆ ಅಂದೆ" ಅಂದರು.

"ಊಂ" ಅಂದರು ಮಹದೇವು.

"ನಾನ್ ನುಗ್ಸು ಅಂದಿದ್ದೆ."

"ಊಂ."

"ಯಾವತ್ತಿಂದ ಗೊತ್ತು ನಿಂಗೆ?"

ಮಹದೇವು, "ನನ್ ಕಾಲು ಜೋಮು ಕಣಮ್ಮಿ, ಬ್ರೇಕು ಸರಿಯಾಗ್ ತುಳಿಯಕಾಗ್ನಿಲ್ಲ ಅವತ್ತು" ಅಂದರು.

"ನಿನ್ ಕಾಲ್ಗೆ ಏನೂ ಆಗಿಲ್ಲ ಸುಮ್ನಿರು" ಅಂದರು ಮರಿತಾಯಮ್ಮ. ದನಿ ಏರಿಸಲಿಲ್ಲ. ಅಳಲೂ ಇಲ್ಲ. ಸೆರಗಿನಲ್ಲಿ ಕೈಗೆ ಹತ್ತಿದ ಬಣ್ಣದ ಪುಡಿಯನ್ನು ಒರೆಸಿಕೊಂಡು, ನಾನಿದ್ದ ಕಡೆ ಎಂದು ಅಂದಾಜಿಸಿ ಸ್ವಲ್ಪ ಬೇರೆ ಕಡೆಗೆ ಮುಖ ಮಾಡಿ ಹೇಳಿದರು: "ಇಪ್ಪತ್ನಾಕ್ಕೇ ತಕ್ಕಂಡೋಗಪ್ಪ."

ನಾನು ಮೂವತ್ತೇ ಕೊಡುತ್ತೇನೆ ಅಂದೆ. ಮೂವತ್ತೆರಡು ಅಂದೆ. ಕೊಳ್ಳುವವನೇ ರೇಟು ಏರಿಸಿದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ಆಕೆ ಒಪ್ಪಲಿಲ್ಲ. "ಗೀರು ತೋರ್ಸು ಅಂದೆ, ತೋರ್ಸ್ದೆ. ಮುಗೀತು" ಅಂದರು. ಆಮೇಲೆ ಆ ಆರು ಲಕ್ಷವನ್ನು ವನಜಾಳ ಕೈಗೆ ಕೊಡಲು ಹೋದೆ. ಅವಳು ಅವ್ವನನ್ನು ಕೇಳಬೇಕು ಅಂದಳು. ಕೇಳಿದಳಂತೆ. ಹಣ ಇವತ್ತಿಗೂ ನನ್ನ ಹತ್ತಿರವೇ ಇದೆ. ಅಷ್ಟು ಲಾಭ ಇನ್ಯಾವ ಗಾಡಿಯಲ್ಲೂ ಬಂದಿಲ್ಲ.

ಎಂಟು ದಿನಕ್ಕೆ ಕಾಗದ ಮುಗಿಯಿತು. ಕಾರನ್ನು ಹೊತ್ತು ತರಲು ಲಾರಿ ಕಳಿಸುತ್ತೇನೆ ಅಂದರೆ ಮಹದೇವು ಬೇಡ ಅಂದರು, ಮಂಡ್ಯದವರೆಗೆ ತಾವೇ ತಂದು ಬಿಡುತ್ತೇನೆ ಅಂದರು. ನಾನು ಬಸ್ಸಿನಲ್ಲಿ ಪೂರಿಗಾಲಿಗೆ ಹೋದೆ. ಮಹದೇವು ಎಡಗಡೆ ಕೂತಿದ್ದರು. ಮರಿತಾಯಮ್ಮ ಒಗೆದ ಸೀರೆ ಉಟ್ಟು ಬಲಗಡೆ ಕೂತಿದ್ದರು. ನಾನು ಹಿಂದಿನ ಸೀಟಿನಲ್ಲಿ ಮಂಡಿ ಮಡಚಿಕೊಂಡು ಸೇರಿಕೊಂಡೆ.

ಮಳವಳ್ಳಿ ದಾಟಿದ ಮೇಲೆ ಮುಂದೆ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು. ಮಹದೇವು ಅದರ ಹಿಂದೆ ನಡಿಗೆಯ ವೇಗಕ್ಕೆ ಇಳಿದರು. ಐದು ನಿಮಿಷ, ಹತ್ತು ನಿಮಿಷ. ಹಿಂದೆ ಬಸ್ಸುಗಳು ಹಾರ್ನು ಹೊಡೆದು, ನಮ್ಮನ್ನೂ ಟ್ರ್ಯಾಕ್ಟರನ್ನೂ ದಾಟಿ ಹೋದವು. ಟ್ರ್ಯಾಕ್ಟರಿನವನೇ ಕನಿಕರಪಟ್ಟು ಮುಂದೆ ಹೋಗಿ ಎಂದು ಕೈ ಬೀಸಿದ. ಮಹದೇವು ಕಿಟಕಿಯಿಂದ ಕೈ ಹೊರಗೆ ಹಾಕಿ ಪರವಾಗಿಲ್ಲ ನೀನು ನಡಿ ಎಂದು ಆಡಿಸಿದರು. ನಾನು ಬಲಕ್ಕೆ ಬಾಗಿ ನೋಡಿದೆ. ರಸ್ತೆ ಬರಿದಾಗಿತ್ತು. "ಖಾಲಿ ಇದೆ, ಹೋಗಿ ಮಹದೇವಣ್ಣ" ಅಂದೆ. ಅವರು ಕೇಳಿಸದವರಂತೆ ಕೂತರು. ಮದುವೆಗೆ ಮುಂಚಿನ ಮಹದೇವು ಆಗಿಬಿಟ್ಟಿದ್ದರು.

ಆಗ ಮರಿತಾಯಮ್ಮ ತಲೆ ತಿರುಗಿಸದೆ ಕೇಳಿದರು. "ಯತೀಸಪ್ಪ, ಎದ್ರುಗೆ ಏನ್ ಕಾಣ್ತದೆ?"

"ಏನೂ ಇಲ್ಲಕ್ಕ."

"ನೆಟ್ಗೆ ನೋಡಿ ಯೋಳಪ್ಪ. ಅಂದಾಜ್ನಲ್ಲಿ ಯೋಳ್ಬ್ಯಾಡ."

ಕಿಟಕಿಯಿಂದ ಕತ್ತು ಹಾಕಿದೆ. "ಒಂದು ಬೈಕು ಬರ್ತಿದೆ. ಬಂತು. ಹೋಯ್ತು. ಆಚೆ ಮೋರಿಯವರೆಗೂ ಏನಿಲ್ಲ."

ಆಕೆ ತಾವೂ ಕಿವಿ ಕೊಟ್ಟು ಕೇಳುತ್ತಿದ್ದರೇನೋ. ಆಮೇಲೆ ಗಂಡನ ಕಡೆಗೆ ಮುಖ ಮಾಡಿ, ಮೆಲ್ಲಗೆ, "ನುಗ್ಸು" ಅಂದರು.

ಮಹದೇವು ಬಲಗಾಲು ಒತ್ತಿದರು. ಐವತ್ತು ದಾಟಿದ ಕಾರು ಎಳೇ ಹೋರಿಯ ಹಾಗೆ ಮುಂದಕ್ಕೆ ಹಾರಿತು. ಟ್ರೈಲರಿನಿಂದ ಇಳಿಬಿದ್ದಿದ್ದ ಒಣ ಸೊಗೆ ಕಾರಿನ ಎಡಗಡೆಗೆ ಉದ್ದಕ್ಕೂ ತರಚುತ್ತಾ ಹೋಯಿತು. ಸದ್ದು ನಿಂತ ಮೇಲೆ ಮರಿತಾಯಮ್ಮ ಹೇಳಿದರು:

"ಇದು ಸೊಗೆ."

ಹಿಂದಿನಿಂದ ನನಗೆ ಮಹದೇವು ಅವರ ಕತ್ತು ಮಾತ್ರ ಕಾಣುತ್ತಿತ್ತು. ಮದ್ದೂರಿನಲ್ಲಿ ಟೀಗೆ ನಿಲ್ಲಿಸೋಣ ಅಂದೆ, ಯಾರೂ ಬೇಡ ಅನ್ನಲಿಲ್ಲ, ನಿಲ್ಲಿಸಲೂ ಇಲ್ಲ. ಗೆಜ್ಜಲಗೆರೆಯಲ್ಲಿ ಮಗಳ ಮನೆಯ ತಿರುವು ಬಂದಾಗ ಕಾರು ಸ್ವಲ್ಪ ನಿಧಾನವಾಯಿತು. ತಿರುಗಲಿಲ್ಲ.

ಮಂಡ್ಯದಲ್ಲಿ ನನ್ನ ಶೆಡ್ಡಿನೊಳಗೆ ಕಾರು ನಿಲ್ಲಿಸಿ ಮಹದೇವು ಕೀಲಿಯನ್ನು ನನ್ನ ಕೈಗೆ ಕೊಡದೆ ಸೀಟಿನ ಮೇಲಿಟ್ಟು ಇಳಿದರು. ಮರಿತಾಯಮ್ಮ ಇಳಿದು, ಬಾಗಿಲು ಹಾಕಿ, ಹಾಕಿದೆಯೋ ಇಲ್ಲವೋ ಎಂದು ಒಮ್ಮೆ ತಳ್ಳಿ ನೋಡಿದರು. ಗೀರಿನ ಕಡೆಗೆ ಕೈ ಹೋಗಲಿಲ್ಲ. ಊರಿಗೆ ಬಿಟ್ಟು ಬರುತ್ತೇನೆ ಅಂದರೆ ಒಪ್ಪಲಿಲ್ಲ, ಬಸ್ಸಿದೆ ಅಂದರು.

ಅವತ್ತೇ ಬಣ್ಣದವನನ್ನು ಕರೆಸಿದೆ. ಅರ್ಧ ದಿನದ ಕೆಲಸ ಅಂದ. ಮರುದಿನ ಮಧ್ಯಾಹ್ನದ ಹೊತ್ತಿಗೆ ಆ ಗೀರು ಎಲ್ಲಿತ್ತೆಂದು ನನಗೇ ತೋರಿಸಲು ಬರಲಿಲ್ಲ. ಮೈಸೂರಿನ ಗಿರಾಕಿ ಬೆರಳಾಡಿಸಿ, ಇಷ್ಟು ವರ್ಷ ಒಂದು ಗೀರೂ ಬೀಳದ ಹಾಗೆ ಹೇಗೆ ಇಟ್ಟಿದ್ದರು ಅಂದರು. ಗಂಡ ಹೆಂಡತಿ ಇಬ್ಬರೂ ನೋಡಿಕೊಳ್ಳುತ್ತಿದ್ದರು ಅಂದೆ.

ಆದರೆ ಕಣ್ಣಿನಲ್ಲಿ ಉಳಿದಿರುವುದು ಅವರು ಕಾರು ಬಿಟ್ಟುಹೋದ ದಿನದ್ದು. ಬಸ್ಸಿಗೆ ಹೋಗಬೇಕಾದರೆ ಶೆಡ್ಡಿನ ಮುಂದಿನ ರಸ್ತೆ ದಾಟಬೇಕು. ಇಬ್ಬರೂ ಅಂಚಿಗೆ ಹೋಗಿ ನಿಂತರು, ಕಾರಿನಲ್ಲಿ ಕೂರುತ್ತಿದ್ದ ಲೆಕ್ಕದಲ್ಲೇ, ಮಹದೇವು ಎಡಕ್ಕೆ, ಅವರ ತೋಳು ಹಿಡಿದ ಮರಿತಾಯಮ್ಮ ಬಲಕ್ಕೆ. ಬಸ್ಸು ಹೋಯಿತು, ಆಟೋ ಹೋಯಿತು. ರಸ್ತೆ ಬರಿದಾಯಿತು, ಮತ್ತೆ ತುಂಬಿತು, ಮತ್ತೆ ಬರಿದಾಯಿತು. ಆಕೆ ಅವರು ಹೇಳಲಿ ಎಂದು ನಿಂತಿದ್ದರು. ಅವರು ಆಕೆ ಹೇಳಲಿ ಎಂದು ನಿಂತಿದ್ದರು.